ಮೂರನೇ ಪೆನ್ ತರಿಸುವ ಮೊದಲು ‘ಮಠ’ ಅಂತ ಬರೆದು ನೋಡಿ

ಅಕ್ಕಾ, ಆ ಮೂರನೇ ಪೆನ್ ಇನ್ನೂ ಆರ್ಡರ್ ಮಾಡಿಲ್ಲ ಅಂದ್ರೆ ದಯವಿಟ್ಟು ಅಲ್ಲೇ ನಿಲ್ಲಿಸಿ. ಕನ್ನಡ ಬರೆಯೋಕೆ, ಹಕ್ಕಿ ಬಿಡಿಸೋಕೆ, ಹಳೇ ಪುಸ್ತಕ ಓದೋಕೆ 8 ಇಂಚಿನ ಟ್ಯಾಬ್, 600 ರೂಪಾಯಿಯ ಪೆನ್, ಗೆರೆ ನಡುಗುತ್ತೆ, ಅಂಗೈ ಇಟ್ಟಲ್ಲೆಲ್ಲ ಮಚ್ಚೆ ಬೀಳುತ್ತೆ, ಎರಡನೇ ಪೆನ್ನಲ್ಲೂ ಅದೇ ಹಾಡು ಅಂತ ಬರೆದಿದ್ದೀರಿ. ನಿಮ್ಮ ಪೋಸ್ಟಿಗೆ ಉತ್ತರವಾಗಿ ಮೇಲೆ ನಾಲ್ಕು ಜನ ನಾಲ್ಕು ಪೆನ್ನಿನ ಲಿಂಕ್ ಹಾಕಿದ್ದಾರೆ. ಟ್ಯಾಬ್ ಯಾವ ಮಾಡೆಲ್ ಅಂತ ಒಬ್ಬರೂ ಕೇಳಿಲ್ಲವಲ್ಲ ಮಾರಾಯ್ರೇ!

ನಾನೂ ಇದೇ ಹೊಂಡಕ್ಕೆ ಬಿದ್ದು ಎದ್ದವನು. 2020ರಲ್ಲಿ ಶಾಲೆ ಮುಚ್ಚಿ ಆನ್‌ಲೈನ್ ಪಾಠ ಶುರುವಾದಾಗ ಸಿಕ್ಕಿದ ಟ್ಯಾಬ್ ತಗೊಂಡೆ. ಮೊದಲು ರಬ್ಬರ್ ಮೂತಿಯ ಪೆನ್. ಅದು ದಪ್ಪ ಅನ್ನಿಸಿ ತುದಿಗೆ ಪಾರದರ್ಶಕ ಬಿಲ್ಲೆ ಇರುವುದು. ಅದೂ ಸರಿಬರದೆ ಚಾರ್ಜ್ ಮಾಡುವ ಪೆನ್. ಮೂರನೆಯದು ಬಂದ ವಾರ ಏಳನೇ ಕ್ಲಾಸಿಗೆ ಪಾಠ ಮಾಡ್ತಾ ಇದ್ದೆ. ಒಬ್ಬ ಹುಡುಗ ಮೈಕ್ ಆನ್ ಮಾಡಿ, “ಸಾರ್, ಮರದ ಸ್ವಾಮೀಜಿ ಅಂದ್ರೆ ಯಾರು ಸಾರ್?” ಅಂದ. ನಾನು ಬರೆದದ್ದು ‘ಮಠದ ಸ್ವಾಮೀಜಿ’. ಠದ ಹೊಟ್ಟೆಯೊಳಗಿನ ಚುಕ್ಕಿಯನ್ನು ಸ್ಕ್ರೀನ್ ನುಂಗಿಬಿಟ್ಟಿತ್ತು. ಮೇಲೆ ನೋಡಿದರೆ ‘ಕಥೆ’ ಕೂಡ ‘ಕಧೆ’ ಆಗಿತ್ತು. ನಾನೇ ಕೆಂಪು ಇಂಕಿನಲ್ಲಿ ಸುತ್ತು ಹಾಕುವ ತಪ್ಪು, ನನ್ನದೇ ಬೋರ್ಡಿನ ಮೇಲೆ!

ಆಗ ಆ್ಯಪ್ ಬದಲಿಸಿದೆ, ಕನ್ನಡಕ ಬದಲಿಸಿದೆ, ಟೆಂಪರ್ಡ್ ಗ್ಲಾಸ್ ಕಿತ್ತೆ. ಯಾವುದೂ ಕಾರಣ ಆಗಿರಲಿಲ್ಲ. ಪೆನ್ ಗುರುತಿಸುವ ಪದರವೇ ಇಲ್ಲದ ಅಂಥ ಟ್ಯಾಬಿನ ಪಾಲಿಗೆ ಪೆನ್ ಅನ್ನೋದೇ ಇಲ್ಲ, ಎಲ್ಲವೂ ಬೆರಳು. ಅಂಗೈಯೂ ಬೆರಳೇ, ಅದಕ್ಕೇ ಮಚ್ಚೆ. ಚುಕ್ಕಿ ಇಡೋದು ಕ್ಷಣಮಾತ್ರದ ಕೆಲಸ. ಅದು ಗೆರೆಯೋ, ಸುಮ್ಮನೆ ತಟ್ಟಿದ್ದೋ ಅಂತ ಆ್ಯಪ್ ಯೋಚಿಸೋದರೊಳಗೆ ನಿಮ್ಮ ಕೈ ಎದ್ದಿರುತ್ತೆ. ಇಂಗ್ಲಿಷಿನವರಿಗೆ ಐ ಮೇಲಿನ ಚುಕ್ಕಿ ಹೋದರೆ ನಡೀತದೆ. ನಮಗೆ ಮಠ ಹೋಗಿ ಮರ ಆಗ್ತದೆ.

ಪೆನ್ನಿನ ಭಾಷೆ ಗೊತ್ತಿರುವ ಪದರ ಟ್ಯಾಬಿನಲ್ಲೇ ಇರಬೇಕು. ಸ್ಯಾಮ್‌ಸಂಗ್ ಟ್ಯಾಬಿನ ಎಸ್ ಪೆನ್ ವ್ಯಾಕಾಮ್ ಅನ್ನೋ ಕಂಪನಿಯ ತಂತ್ರದ್ದು. ಸ್ಕ್ರೀನಿನ ಹಿಂದಿನ ಹಲಗೆಯಿಂದ ಬರುವ ಕಾಂತಕ್ಷೇತ್ರದಲ್ಲೇ ಪೆನ್ ಓಡುತ್ತೆ, ಬರೆಯೋಕೆ ಬ್ಯಾಟರಿ ಬೇಡ. ಆದರೆ ಸ್ಯಾಮ್‌ಸಂಗ್ ಅಂದ ಮಾತ್ರಕ್ಕೆ ಎಲ್ಲದರಲ್ಲೂ ಆ ಹಲಗೆ ಇರಲ್ಲ. ಗ್ಯಾಲಕ್ಸಿ ಟ್ಯಾಬ್ ಎ8, ಎ9ಕ್ಕೆ ಎಸ್ ಪೆನ್ ತಂದರೆ ಕಡ್ಡಿ ಹಿಡಿದು ಗೀಚಿದ ಹಾಗೆ. ಎಸ್6 ಲೈಟ್‌ಗೆ ಪೆನ್ ಡಬ್ಬದಲ್ಲೇ ಬರುತ್ತೆ. ನಾನು ಈಗ ಬಳಸೋದು ಅದೇ, ಸೆಕೆಂಡ್ ಹ್ಯಾಂಡ್. ಆ್ಯಪಲ್‌ನವರದ್ದು ಇನ್ನೊಂದು ಗೋಜಲು. ಅವರ ಪೆನ್ನಿಗೆ ಪೆನ್ಸಿಲ್ ಅಂತಲೇ ಹೆಸರು, ಅದರಲ್ಲಿ ಯುಎಸ್‌ಬಿ-ಸಿ ಪೆನ್ಸಿಲ್‌ಗೆ ಒತ್ತಡ ತಿಳಿಯಲ್ಲ. ಒತ್ತಿದರೆ ದಪ್ಪ, ಹಗುರ ಹಿಡಿದರೆ ಸಣ್ಣ ಅನ್ನೋದು ಬರಲ್ಲ. ಬರೀ ಬರವಣಿಗೆಗೆ ಸಾಕು. ನಿಮ್ಮ ಹಾಗೆ ಹಕ್ಕಿ ಬಿಡಿಸುವವರು ಅದಕ್ಕೆ ದುಡ್ಡು ಸುರಿಯಬೇಡಿ. ಎರಡನೇ ತಲೆಮಾರಿನ ಪೆನ್ಸಿಲ್ ಹತ್ತನೇ ತಲೆಮಾರಿನ ಸಾದಾ ಐಪ್ಯಾಡಿಗೆ ಕೂಡಲ್ಲ. ಅಂಗಡಿಯವರು “ಎಲ್ಲಾ ಒಂದೇ ಸಾರ್” ಅಂತಾರೆ. ಎಲ್ಲಾ ಒಂದೇ ಆಗಿದ್ದರೆ ನನ್ನ ಡ್ರಾಯರ್‌ನಲ್ಲಿ ಮೂರು ಪೆನ್ ಯಾಕೆ ಕೊಳೀತಿದ್ದವು?

ಹಾಗಾಗಿ ಅಂಗಡಿಗೇ ಹೋಗಿ, ನಾಚಿಕೆ ಬಿಡಿ. ಸ್ಕ್ರೀನಿನ ಮೇಲೆ ಪೂರ್ತಿ ಅಂಗೈ ಊರಿ ‘ಮಠ’, ‘ಕಥೆ’, ‘ರಾಷ್ಟ್ರ’, ಇವನ್ನು ನೋಟ್‌ಬುಕ್ಕಿನಲ್ಲಿ ಬರೆಯುವಷ್ಟೇ ಚಿಕ್ಕದಾಗಿ, ಅಷ್ಟೇ ಬೇಗ ಹತ್ತು ಸಲ ಬರೆಯಿರಿ. ಹತ್ತರಲ್ಲಿ ಒಂದು ಚುಕ್ಕಿ ಹೋದರೂ ಬೇಡ. ಆಮೇಲೆ ಸ್ಕೇಲ್ ಇಟ್ಟು ಮೂಲೆಯಿಂದ ಮೂಲೆಗೆ ನಿಧಾನವಾಗಿ ಓರೆ ಗೆರೆ ಎಳೆಯಿರಿ. ಬೇಗ ಎಳೆದರೆ ಎಲ್ಲ ಟ್ಯಾಬೂ ಸಾಧುವೇ. ನಿಧಾನಕ್ಕೆ ಎಳೆದಾಗ ಗೆರೆ ಹಾವಿನ ಹಾಗೆ ಹರಿದರೆ ಚಿತ್ರಕ್ಕೆ ಆಗಲ್ಲ. ಚಾರ್ಜಿಗೆ ಹಾಕಿದ್ದರೆ ಕೇಬಲ್ ತೆಗೆಸಿ ನೋಡಿ. ಕಳಪೆ ಚಾರ್ಜರ್ ಇದ್ದರೆ ಒಳ್ಳೆ ಸ್ಕ್ರೀನೂ ಕುಣಿಯುತ್ತೆ.

ಒಳ್ಳೆ ಟ್ಯಾಬ್ ಬಂದ ಮೇಲೂ ಎಡವಿದ್ದೇನೆ. ಮಂಗಟ್ಟೆ ಹಕ್ಕಿಯ ಕೊಕ್ಕು ಬಿಡಿಸುವಾಗೆಲ್ಲ ಒಂದೇ ಜಾಗದಲ್ಲಿ ಗೆರೆ ಬಳುಕುತ್ತಿತ್ತು. ಟ್ಯಾಬೇ ಕೆಟ್ಟಿತು ಅಂತ ಎರಡು ವಾರ ಕೊರಗಿದೆ. ಕೊನೆಗೆ ನೋಡಿದರೆ ಹಿಂದಕ್ಕೆ ಮಡಚಿದ ಕವರಿನ ಆಯಸ್ಕಾಂತ ಸರಿಯಾಗಿ ಅದೇ ಜಾಗದ ಹಿಂದೆ! ಎಸ್ ಪೆನ್ ತರಹದ್ದಕ್ಕೆ ಆಯಸ್ಕಾಂತ ಆಗಿಬರಲ್ಲ. ಬಿಡಿಸುವಾಗ ಕವರ್ ಕಳಚಿಡಿ. ಕಾಗದದಂಥ ತರಿ ಫಿಲ್ಮ್ ಹಾಕಿ ಅಂತ ಮೇಲೊಬ್ಬರು ಹೇಳಿದ್ದಾರೆ. ಹಿಡಿತ ಚೆನ್ನಾಗಿರುತ್ತೆ, ನಿಜ. ಆದರೆ ನಿಬ್ ಬೇಗ ಸವೆಯುತ್ತೆ, ಓದುವಾಗ ಅಕ್ಷರ ಮಂಜು ಮಂಜು.

ಕತ್ತು ನೋವು ಅಂದಿರಲ್ಲ, ಅದಕ್ಕೆ ಸ್ಟ್ಯಾಂಡ್ ಕೊಳ್ಳೋದು ಬೇಡ. ಅಜ್ಜ ಭಾರತ ಓದುತ್ತಿದ್ದ ವ್ಯಾಸಪೀಠ ನಮ್ಮನೆ ಅಟ್ಟದಲ್ಲಿತ್ತು. ಓದೋಕೆ ಟ್ಯಾಬ್ ನೇರ ಅದರ ಮೇಲೆ. ಬರೆಯೋಕೆ ಅದು ತೀರಾ ಕಡಿದು, ಆಟ ಆಡುತ್ತೆ. ಆಗ ಪರೀಕ್ಷೆಯ ರಟ್ಟನ್ನು ತೊಡೆಯ ಮೇಲೆ ಓರೆಯಾಗಿಟ್ಟುಕೊಳ್ಳಿ, ಟ್ಯಾಬ್ ಜಾರದ ಹಾಗೆ ಕೆಳಗೊಂದು ಹತ್ತಿ ಬಟ್ಟೆ ಹಾಸಿ.

ಹಳೇ ಪುಸ್ತಕ ಓದಬೇಕು ಅಂತಲೂ ಕೇಳಿದ್ದೀರಿ. ಇಂಟರ್ನೆಟ್ ಆರ್ಕೈವ್ ಅನ್ನೋ ಜಾಲತಾಣದಲ್ಲಿ ಸಿಗುವ ಸ್ಕ್ಯಾನ್ ಪುಸ್ತಕಗಳಿಗೆ 8 ಇಂಚು ಸಾಲದು. ಡೆಮಿ 1/8 ಅನ್ನೋ ಅಳತೆಯ ಪುಸ್ತಕದ ಪುಟದ ಅಗಲ ಸುಮಾರು ಐದೂವರೆ ಇಂಚು, ನಿಮ್ಮ ಸ್ಕ್ರೀನಿನ ಅಗಲ ನಾಲ್ಕೂಕಾಲರ ಆಸುಪಾಸು. ಅಕ್ಷರ ಮುಕ್ಕಾಲಿಗೆ ಇಳಿದು ಒತ್ತಕ್ಷರವೆಲ್ಲ ಇರುವೆ ಸಾಲು. 10 ಇಂಚು ದಾಟಿದ್ದರಲ್ಲಿ ಪುಟ ಹೆಚ್ಚುಕಡಿಮೆ ಪುಸ್ತಕದಷ್ಟೇ ಕಾಣುತ್ತೆ. ನುಡಿ, ಬರಹ ಅನ್ನೋ ತಂತ್ರಾಂಶಗಳಲ್ಲಿ ಟೈಪ್ ಮಾಡಿಟ್ಟ ಹಳೇ ಫೈಲ್‌ಗಳನ್ನು ಕಂಪ್ಯೂಟರಿನಲ್ಲೇ ಯೂನಿಕೋಡಿಗೆ ಬದಲಿಸಿ ತನ್ನಿ, ಇಲ್ಲದಿದ್ದರೆ ಟ್ಯಾಬಿನಲ್ಲಿ ಕೊಂಬು ಮೂಡಿದ ಇಂಗ್ಲಿಷ್ ಅಕ್ಷರ ಕಾಣುತ್ತೆ. ಟೈಪ್ ಮಾಡೋಕೆ ಬೇಸರ ಅಂದ್ರೆ ಗೂಗಲ್‌ನ ಜಿಬೋರ್ಡ್ ಆ್ಯಪಿನಲ್ಲಿ ಕನ್ನಡ ಕೈಬರಹದ ಕೀಲಿಮಣೆ ಹಾಕಿಕೊಳ್ಳಿ. ಚುಕ್ಕಿ ಸರಿಯಾಗಿ ಬಿದ್ದರೆ ಪರವಾಗಿಲ್ಲ, ಚೆನ್ನಾಗೇ ಗುರುತಿಸುತ್ತೆ. ಹೆಸರುಗಳನ್ನು ಮಾತ್ರ ಎರಡು ಸಲ ನೋಡಿ.

ಚಿತ್ರಕ್ಕೆ ಕ್ರಿಟಾ ಆ್ಯಪ್ ಪುಕ್ಕಟೆ, ಆದರೆ ಚಿಕ್ಕ ಸ್ಕ್ರೀನಿನಲ್ಲಿ ಬಟನ್‌ಗಳದ್ದೇ ಜಾತ್ರೆ. ಪ್ರೊಕ್ರಿಯೇಟ್ ಹಾಕಿಕೊಳ್ಳಿ ಅಂದವರು ಅದು ಐಪ್ಯಾಡಿಗೆ ಮಾತ್ರ ಅನ್ನೋದನ್ನು ಮರೆತಿದ್ದಾರೆ. ಯಾವುದೇ ಆ್ಯಪ್ ಇರಲಿ, ಭಾನುವಾರಕ್ಕೊಮ್ಮೆ ಪಿಡಿಎಫ್ ಮಾಡಿ ಬೇರೆ ಕಡೆ ಇಡಿ. ಆ್ಯಪಿನ ಸ್ವಂತ ಫೈಲನ್ನು ನಂಬಿ ಒಂದು ಮಳೆಗಾಲದ ಡೈರಿ ಪೂರ್ತಿ ಕಳೆದುಕೊಂಡೆ, ಆ ವಿಷಯ ನೆನೆದರೆ ಈಗಲೂ ಊಟ ಸೇರಲ್ಲ.

ಈಗ ಮೊದಲು ಮಾಡಬೇಕಾದ್ದು: ಎರಡನೇ ಪೆನ್ ವಾಪಸ್ ಕಳಿಸೋ ದಿನ ಮುಗಿದಿದೆಯಾ ನೋಡಿ. ಮುಗಿದಿಲ್ಲ ಅಂದ್ರೆ ಇವತ್ತೇ ಕಳಿಸಿ. ಸೆಟ್ಟಿಂಗ್ಸ್‌ಗೆ ಹೋಗಿ ಮಾಡೆಲ್ ನಂಬರ್ ಇಲ್ಲಿ ಹಾಕಿ, ಜೊತೆಗೆ ‘ಮಠ’ ಅಂತ ಹತ್ತು ಸಲ ಬರೆದ ಫೋಟೊ.