14 ದಿನದ ಭಯಕ್ಕೆ ಸುಳ್ಳು ವಿಳಾಸ ಕೊಳ್ಳಬೇಡಿ

ಅಕ್ಟೋಬರ್ ಹತ್ತಿರ ಬಂತೆಂದರೆ ಜರ್ಮನಿಗೆ ಹೊಸದಾಗಿ ಓದಲು ಬಂದವರಿಂದ ಮನೆ ವಿಳಾಸದ ನೋಂದಣಿ ಬಗ್ಗೆ ಒಂದೇ ಪ್ರಶ್ನೆ ಹತ್ತಾರು ರೂಪದಲ್ಲಿ ಬರುತ್ತದೆ. ಹಿಂದೆಯೂ ಉತ್ತರಿಸಿದ್ದೇನೆ. ಆದರೂ ದುಡ್ಡು ಕಳೆದುಕೊಂಡವರ ಪತ್ರಗಳು ನಿಂತಿಲ್ಲ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ. ವೀಸಾ, ಅಡ್ಮಿಷನ್, ಟಿಕೆಟ್ ವಿಷಯ ಇಲ್ಲಿ ಬೇಡ. ಅದೆಲ್ಲ ಮುಗಿಸಿಯೇ ತಾನೇ ನೀವು ವಿಮಾನ ಹತ್ತಿದ್ದು?

ಪ್ರಶ್ನೆ: ಬರ್ಲಿನ್‌ಗೆ ಬಂದು ಐದು ದಿನ ಆಯ್ತು. ಸ್ನೇಹಿತನ ಹಾಸ್ಟೆಲ್ ರೂಮಿನಲ್ಲಿ ಮಲಗುತ್ತಿದ್ದೇನೆ. ಸ್ವಂತ ರೂಮು ಇನ್ನೂ ಸಿಕ್ಕಿಲ್ಲ. 14 ದಿನದೊಳಗೆ ವಿಳಾಸದ ನೋಂದಣಿ ಆಗದಿದ್ದರೆ ವೀಸಾ ರದ್ದಾಗುತ್ತೆ ಅಂತ ಸೀನಿಯರ್‌ಗಳು ಹೇಳುತ್ತಿದ್ದಾರೆ. ಒಬ್ಬರು ದುಡ್ಡು ಕೊಟ್ಟರೆ ತಮ್ಮ ಮನೆ ವಿಳಾಸಕ್ಕೆ ಪತ್ರ ಮಾಡಿಕೊಡುತ್ತಾರಂತೆ. ತೆಗೆದುಕೊಳ್ಳಲಾ?

ಉತ್ತರ: ಬೇಡ. ಆ ವ್ಯಕ್ತಿಯ ನಂಬರನ್ನು ಈಗಲೇ ಅಳಿಸಿಬಿಡಿ.

ಆ 14 ದಿನದ ಲೆಕ್ಕವನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಿ. ಅದು ವಿಮಾನ ಇಳಿದ ದಿನದಿಂದ ಶುರುವಾಗುವುದಿಲ್ಲ. ಒಂದು ಮನೆಗೆ ವಾಸಕ್ಕೆ ಹೋದ ದಿನದಿಂದ ಎರಡು ವಾರದೊಳಗೆ ನೋಂದಣಿ, ಅಂದರೆ ಆನ್‌ಮೆಲ್ಡುಂಗ್, ಮಾಡಿಸಬೇಕು ಅನ್ನುವುದು ಕಾನೂನು. ಸ್ನೇಹಿತನ ರೂಮಿನಲ್ಲಿ ನಾಲ್ಕು ರಾತ್ರಿ ಚಾಪೆ ಹಾಸಿಕೊಂಡ ಮಾತ್ರಕ್ಕೆ ಅದು ನಿಮ್ಮ ಮನೆ ಆಗಲಿಲ್ಲ. ವಾಸಕ್ಕೆ ಹೋದ ಮೇಲೂ ತಡ ಮಾಡಿದರೆ 1,000 ಯುರೋವರೆಗೆ ದಂಡ ಹಾಕಬಹುದು, ನಿಜ. ಆದರೆ ಹದಿನೈದನೇ ದಿನ ವೀಸಾ ತಾನಾಗಿಯೇ ರದ್ದಾಗುತ್ತದೆ ಅನ್ನುವುದು ಶುದ್ಧ ಸುಳ್ಳು. ಈ ಸುಳ್ಳನ್ನು ವರ್ಷವರ್ಷ ಹಬ್ಬಿಸುವ ಸೀನಿಯರ್‌ಗಳ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ವಿಳಾಸ ಮಾರುವವರ ವ್ಯಾಪಾರ ನಡೆಯುವುದೇ ಈ ಹೆದರಿಕೆಯಿಂದ.

ಈಗ ಆ ಪತ್ರದ ವಿಷಯ. ನೋಂದಣಿಗೆ ಬಾಡಿಗೆ ಕರಾರು ಸಾಲದು. ಮನೆ ಕೊಟ್ಟವರು ಸಹಿ ಮಾಡಿದ ಒಂದು ದೃಢೀಕರಣ ಪತ್ರ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಷ್ಟೇಟಿಗುಂಗ್. ಮನೆ ಕೊಟ್ಟವರ ಹೆಸರು, ವಿಳಾಸ, ನೀವು ಒಳಗೆ ಬಂದ ತಾರೀಖು, ನಿಮ್ಮ ಹೆಸರು, ಮುಖ್ಯವಾಗಿ ಇವು ಅದರಲ್ಲಿರುತ್ತವೆ. 2015ರ ನವೆಂಬರ್‌ನಿಂದ ಇದು ಕಡ್ಡಾಯ. ವಾಸವೇ ಮಾಡದ ಜಾಗವನ್ನು ನೋಂದಣಿಗೆ ಕೊಡುವುದನ್ನು ಕಾನೂನು ನಿಷೇಧಿಸಿದೆ. ಹಾಗೆ ಕೊಟ್ಟವರಿಗೆ 50,000 ಯುರೋವರೆಗೆ ದಂಡವಿದೆ. ಸಿಕ್ಕಿಬಿದ್ದರೆ ಅವರು ನಿಮ್ಮ ಹೆಸರು ಹೇಳದೆ ಸುಮ್ನೆ ಇರುತ್ತಾರೆ ಅಂದುಕೊಂಡಿರಾ?

ದಂಡದ ಮಾತು ಬಿಡಿ. ನಿಜವಾದ ಪೆಟ್ಟು ಬೀಳುವುದು ಟಪಾಲಿನಲ್ಲಿ. ನೋಂದಣಿಯಾದ ಮೇಲೆ ತೆರಿಗೆ ನಂಬರು ಅಂಚೆಯಲ್ಲಿ ಬರುತ್ತದೆ. ಆರೋಗ್ಯ ವಿಮೆಯ ಕಾರ್ಡು, ಬ್ಯಾಂಕಿನ ಪಿನ್ ಕೂಡ ಹೆಚ್ಚಾಗಿ ಹಾಗೇ ಬರುತ್ತವೆ. ಸುಳ್ಳು ವಿಳಾಸವಾದರೆ ಇವೆಲ್ಲ ಹೋಗಿ ಬೀಳುವುದು, ನಿಮ್ಮ ಹತ್ತಿರ ಕೀಲಿಯೇ ಇಲ್ಲದ ಡಬ್ಬಿಯೊಳಗೆ. ಆಮೇಲೆ ಒಂದೊಂದು ಕಾಗದಕ್ಕೂ ಆ ಮನುಷ್ಯನ ಹಿಂದೆ ಅಲೆಯಬೇಕು. ಅವನು ಮತ್ತೆ ದುಡ್ಡು ಕೇಳಿದರೆ ಏನು ಮಾಡುತ್ತೀರಿ?

ಸರಿಯಾದ ದಾರಿ ಇದೆ. ಒಂದೆರಡು ತಿಂಗಳಿಗಾದರೂ ಸರಿ, ನೀವು ನಿಜವಾಗಿ ವಾಸ ಮಾಡುವ ರೂಮು ಹುಡುಕಿ. ಯಾರೋ ಊರಿಗೆ ಹೋಗುತ್ತಾ ಕೊಡುವ ಒಳಬಾಡಿಗೆಯ ರೂಮೂ ಆಗುತ್ತದೆ. ಮೂಲ ಬಾಡಿಗೆದಾರರೇ ಆ ಪತ್ರಕ್ಕೆ ಸಹಿ ಮಾಡಬಹುದು. ಆದರೆ ಒಳಬಾಡಿಗೆಗೆ ಮಾಲೀಕರ ಒಪ್ಪಿಗೆ ಇದೆಯಾ ಅಂತ ಕೇಳಿ. ಮೊದಲ ಮೆಸೇಜಿನಲ್ಲೇ "ಇಲ್ಲಿ ಆನ್‌ಮೆಲ್ಡುಂಗ್ ಆಗುತ್ತಾ?" ಅಂತ ಕೇಳಿಬಿಡಿ. ತಡವರಿಸಿದರೆ ಮುಂದಿನ ರೂಮು ನೋಡಿ. ವಿದ್ಯಾರ್ಥಿಗಳ ವಸತಿ ನೋಡಿಕೊಳ್ಳುವ ಷ್ಟುಡೀರೆಂಡೆನ್‌ವೆರ್ಕ್‌ಗೂ ಹೋಗಿ ಕೇಳಿ. ಸೆಮಿಸ್ಟರ್ ಶುರುವಿನಲ್ಲಿ ಎಷ್ಟೋ ಊರುಗಳಲ್ಲಿ ತಾತ್ಕಾಲಿಕ ಹಾಸಿಗೆ ವ್ಯವಸ್ಥೆ ಇರುತ್ತದೆ.

ರೂಮು ಸಿಕ್ಕ ದಿನವೇ ಅಪಾಯಿಂಟ್‌ಮೆಂಟ್ ಹಾಕಿ. ಬರ್ಲಿನ್‌ನಲ್ಲಿ ನಿಮ್ಮ ಬಡಾವಣೆಯ ಕಚೇರಿಯೇ ಆಗಬೇಕಿಲ್ಲ, ನಗರದ ಯಾವ ಬ್ಯೂರ್ಗರ್‌ಆಮ್ಟ್, ಅಂದರೆ ನಾಗರಿಕ ಸೇವಾ ಕಚೇರಿ, ಆದರೂ ನಡೆಯುತ್ತದೆ. ಬೇರೆಯವರು ಬಿಟ್ಟುಕೊಟ್ಟ ಸಮಯ ನಡುನಡುವೆ ತೆರೆದುಕೊಳ್ಳುತ್ತದೆ. ಬೆಳಿಗ್ಗೆಯೇ ಎದ್ದು ನೋಡುತ್ತಿರಿ. ಸಿಕ್ಕಿದ ತಾರೀಖು ಎರಡು ವಾರ ದಾಟಿದ್ದರೂ ಗಾಬರಿ ಬೇಡ. ಬುಕ್ ಮಾಡಿದ ದಿನದ ಇಮೇಲ್ ಜೋಪಾನವಾಗಿಡಿ. ಪ್ರಯತ್ನಪಟ್ಟಿದ್ದಕ್ಕೆ ಅದೇ ಸಾಕ್ಷಿ.

ಇನ್ನೊಂದು ಕೆಲಸ ಇದೆ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕಟ್ಟಡದ ಬಾಗಿಲ ಹತ್ತಿರ ಟಪಾಲು ಡಬ್ಬಿಗಳ ಸಾಲು ಇರುತ್ತದೆ. ಇಲ್ಲಿ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಅಂಚೆಯವರು ಡಬ್ಬಿಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಕಾಗದ ವಾಪಸ್. ಒಂದು ಚೀಟಿಯಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಬರೆದು, ಮೇಲೆ ಅಗಲವಾದ ಟೇಪು ಹಾಕಿ ಅಂಟಿಸಿ. ಪಾಸ್‌ಪೋರ್ಟಿನಲ್ಲಿ ಕುಟುಂಬದ ಹೆಸರಿನ ಜಾಗದಲ್ಲಿ ಅಪ್ಪನ ಹೆಸರಿದ್ದರೆ ಅದೂ ಇರಲಿ, ಕಾಗದ ಬರುವುದು ಆ ಹೆಸರಿಗೇ. ಮನೆಯಲ್ಲಿ ಕರೆಯುವ ಹೆಸರು ಬರೆದು, ವಿಮೆ ಕಾರ್ಡು ಬಂದೇ ಇಲ್ಲ ಅಂತ ಕಾಯುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಪ್ರಶ್ನೆ: ಮಾಲೀಕರು ಬೇರೆ ದೇಶದಲ್ಲಿದ್ದಾರಂತೆ. ಮೂರು ತಿಂಗಳ ಅಡ್ವಾನ್ಸ್ ಕಳಿಸಿದರೆ ಕೀಲಿ ಕೊರಿಯರ್ ಮಾಡುತ್ತಾರಂತೆ. ಕಳಿಸಲಾ?

ಉತ್ತರ: ಮೋಸ. ಅಡ್ವಾನ್ಸ್ ಅಂತ ಕೇಳಬಹುದಾದ ಮಿತಿಯೇ ಮೂರು ತಿಂಗಳ ಬಾಡಿಗೆ, ಅದೂ ಹೀಟಿಂಗ್ ಮುಂತಾದ ಖರ್ಚು ಬಿಟ್ಟು. ಅದನ್ನೂ ಮೂರು ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಮೊದಲ ಕಂತು ಕೊಡಬೇಕಾದದ್ದು ಬಾಡಿಗೆ ಶುರುವಾದಾಗ.

ಪ್ರಶ್ನೆ: ಬಂದ ವಾರದಲ್ಲೇ ಪಾರ್ಟ್‌ಟೈಮ್ ಕೆಲಸಕ್ಕೆ ಸೇರಬಹುದಾ?

ಉತ್ತರ: ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅವಕಾಶವಿದೆ. ಆದರೆ ಮೊದಲ ವಾರ ದಯವಿಟ್ಟು ಬೇಡ. ರೂಮು, ಕ್ಲಾಸು ಎರಡೂ ಕೈತಪ್ಪುತ್ತವೆ.

ಪ್ರಶ್ನೆ: ಏಜೆಂಟರು ಕಮ್ಮಿ ದುಡ್ಡಿನ ಖಾಸಗಿ ವಿಮೆ ಮಾಡಿಸಿಕೊಟ್ಟಿದ್ದಾರೆ. ಸರ್ಕಾರಿ ವ್ಯವಸ್ಥೆಯ ವಿಮೆ ಬೇಡ ಅಂತ ಬರೆದುಕೊಡಿ ಅನ್ನುತ್ತಿದ್ದಾರೆ. ನನಗೆ 23 ವರ್ಷ.

ಉತ್ತರ: ಸಹಿ ಮಾಡಬೇಡಿ. 30 ವರ್ಷದೊಳಗಿನವರಿಗೆ ಆ ವ್ಯವಸ್ಥೆಯಲ್ಲಿ ವಿದ್ಯಾರ್ಥಿ ದರವಿದೆ. ಒಮ್ಮೆ ಬೇಡ ಅಂತ ವಿನಾಯಿತಿ ಪಡೆದರೆ ಓದು ಮುಗಿಯುವವರೆಗೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ. ಏಜೆಂಟರು ಈ ಸಾಲನ್ನು ಓದಿ ಹೇಳಿದರಾ? ಈಗಾಗಲೇ ಸಹಿ ಮಾಡಿದ್ದರೆ ಇವತ್ತೇ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೋಗಿ. ವಿನಾಯಿತಿಯ ಅರ್ಜಿ ಸಲ್ಲಿಕೆಯಾಗಿದೆಯಾ, ಇನ್ನೂ ಏಜೆಂಟರ ಮೇಜಿನ ಮೇಲೇ ಇದೆಯಾ ಅಂತ ವಿಚಾರಿಸಿ.