ಆ ‘ದ್ದರಿಂದ’ ಎಲ್ಲಿಂದ ಬಂತು, ಮಾರಾಯ್ರೆ?

ನಮಸ್ಕಾರ.

ನಿಮ್ಮ ‘ರೇಗಾರ್ ಯಾಕೆ ಹಾಗೆ ಮಾಡಿದ?’ ಲೇಖನ ಓದಿದೆ. ಹದಿನಾಲ್ಕು ಪುಟ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಕಾದಂಬರಿ ಸರಣಿಯ ಬಗ್ಗೆ ಉಡುಪಿಯಿಂದ ಯಾರಾದರೂ ಕನ್ನಡದಲ್ಲಿ ಇಷ್ಟುದ್ದ ಬರೆದು ಕಳಿಸುತ್ತಾರೆ ಅಂತ ನಾನು ಎಣಿಸಿರಲಿಲ್ಲ. ಭಾಷೆ ಚೆನ್ನಾಗಿದೆ. ಕಾಗುಣಿತ ತಪ್ಪಿಲ್ಲ. ರಾಜಕುಮಾರ ರೇಗಾರ್‌ನ ಅಪ್ಪ, ಹುಚ್ಚು ದೊರೆ ಏರಿಸ್‌ನ ಭಾಗ ಸರಾಗ ಓದಿಸಿಕೊಂಡು ಹೋಗುತ್ತದೆ. ಹೊಗಳಿಕೆ ಇಷ್ಟು ಸಾಕು. ಯಾಕೆಂದರೆ ಮೂರನೇ ಪುಟದಲ್ಲಿ ನನಗೆ ಸಿಟ್ಟು ಬಂತು, ಒಂಬತ್ತನೇ ಪುಟದಲ್ಲಿ ಎದ್ದು ಹೋಗಿ ಚಾ ಕುಡಿದು ಬಂದೆ.

ಮೂರನೇ ಪುಟದ ಸಾಲು ಇದು: ‘ಲಿಯಾನಾಳನ್ನು ಕಂಡ ಕ್ಷಣದಲ್ಲೇ ಪ್ರೀತಿ ಹುಟ್ಟಿದ್ದರಿಂದ ರೇಗಾರ್ ನೀಲಿ ಗುಲಾಬಿಯ ಕಿರೀಟವನ್ನು ಅವಳ ಮಡಿಲಿಗಿಟ್ಟ.’

ಒಂದೊಂದೇ ಪದ ಹಿಡಿದು ನೋಡುವ. ಕಿರೀಟ, ಪುಸ್ತಕದಲ್ಲಿ ಉಂಟು. ನೀಲಿ ಗುಲಾಬಿ, ಉಂಟು. ಮಡಿಲು, ಅದೂ ಉಂಟು. ಹ್ಯಾರನ್‌ಹಾಲ್‌ನ ಪಂದ್ಯ ಗೆದ್ದ ರಾಜಕುಮಾರ ತನ್ನ ಹೆಂಡತಿ ಎಲಿಯಾಳನ್ನು ದಾಟಿ ಕುದುರೆ ನಡೆಸಿಕೊಂಡು ಹೋದದ್ದೂ ಉಂಟು. ಅದನ್ನು ನೀವು ಬಿಟ್ಟಿದ್ದೀರಿ, ಯಾಕೋ. ‘ಕಂಡ ಕ್ಷಣ’ ಎಲ್ಲೂ ಇಲ್ಲ. ‘ಪ್ರೀತಿ’ ಉಂಟು, ಆದರೆ ಯಾರ ಬಾಯಲ್ಲಿ?

1996ರಲ್ಲಿ ಬಂದ ಮೊದಲ ಪುಸ್ತಕ ಶುರುವಾಗುವ ಹೊತ್ತಿಗೆ ರೇಗಾರ್ ಸತ್ತು ವರ್ಷಗಳೇ ಕಳೆದಿವೆ. ಅವನ ತಲೆಯೊಳಗೆ ನಾವು ಒಮ್ಮೆಯೂ ಹೋಗುವುದಿಲ್ಲ. ರಾಬರ್ಟ್ ಹೇಳುವುದು ಅವನು ಅವಳನ್ನು ಹೊತ್ತೊಯ್ದು ಕೆಡಿಸಿದ ಅಂತ. ರಾಬರ್ಟ್ ಯಾರು? ಅವಳನ್ನು ಮದುವೆಯಾಗಬೇಕಿದ್ದವ, ರೇಗಾರ್‌ನನ್ನು ಕೊಂದವ. ಪ್ರೀತಿಸಿದ ಹೆಣ್ಣಿಗಾಗಿ ಅಣ್ಣ ಸತ್ತ ಅನ್ನುವುದು ರೇಗಾರ್‌ನ ತಂಗಿ ಡೆನೇರಿಸ್ ಕೇಳಿ ಬೆಳೆದ ಕಥೆ. ರೇಗಾರ್ ಸಾಯುವಾಗ ಅವಳಿನ್ನೂ ಹುಟ್ಟಿರಲಿಲ್ಲ. ಪಂದ್ಯವನ್ನು ಕಣ್ಣಾರೆ ಕಂಡ ಲಿಯಾನಾಳ ಅಣ್ಣ ನೆಡ್ ಅದನ್ನು ನೆನೆಯುವುದು ಕತ್ತಲ ಸೆರೆಯಲ್ಲಿ, ಮುರಿದ ಕಾಲಿನ ನೋವಿನಲ್ಲಿ. ಅವನೂ ಕಂಡದ್ದನ್ನು ಹೇಳುತ್ತಾನೆಯೇ ಹೊರತು ಕಾರಣ ಹೇಳುವುದಿಲ್ಲ.

ಇನ್ನೊಂದು ದಾರಿಯೂ ಉಂಟು. ಮೂರನೇ ಪುಸ್ತಕದಲ್ಲಿ ಮೀರಾ ಎಂಬ ಹುಡುಗಿ ಹೇಳುವ ಕಥೆಯಲ್ಲಿ, ಅದೇ ಪಂದ್ಯಕ್ಕೆ ಹೆಸರು ಮುಚ್ಚಿಟ್ಟ ಒಬ್ಬ ವೀರ ಬರುತ್ತಾನೆ. ಅವನನ್ನು ಹುಡುಕಲು ದೊರೆ ಕಳಿಸಿದವರಲ್ಲಿ ರೇಗಾರ್‌ನೂ ಇದ್ದ. ಸಿಕ್ಕಿದ್ದು ಮರಕ್ಕೆ ನೇತುಹಾಕಿದ ಗುರಾಣಿ ಮಾತ್ರ. ಆ ವೀರ ಲಿಯಾನಾಳೇ, ರೇಗಾರ್‌ಗೆ ಅದು ಗೊತ್ತಾಗಿತ್ತು, ಕಿರೀಟ ಅವಳ ಧೈರ್ಯಕ್ಕೆ ಸಂದ ಮರ್ಯಾದೆ ಅಂತ ಓದುವವರು ತುಂಬ ಜನ. ಅದೂ ಊಹೆಯೇ. ಆದರೆ ನಿಮ್ಮ ‘ದ್ದರಿಂದ’ ಆ ಬಾಗಿಲನ್ನು ಸುಮ್ನೆ ಮುಚ್ಚಿಬಿಡುತ್ತದೆ.

ಈ ‘ದ್ದರಿಂದ’ ನನಗೆ ಹಳೇ ಗಾಯ. ಮೂವತ್ತು ವರ್ಷದ ಹಿಂದಿನ ಮಾತು. ಮಂಗಳೂರಿನ ಒಂದು ಸಣ್ಣ ವಾರಪತ್ರಿಕೆಗೆ ಹೊಸದಾಗಿ ಸೇರಿದ್ದೆ. ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ್ದವು. ಊರಲ್ಲೆಲ್ಲ ತಾಳಮದ್ದಳೆ, ಅಂದರೆ ಅರ್ಥಧಾರಿಗಳು ಕೂತು ಪಾತ್ರವಾಗಿ ಮಾತಾಡುವ, ವೇಷವಿಲ್ಲದ ಯಕ್ಷಗಾನ. ‘ವಾಲಿವಧೆ’ ಕೇಳಿಕೊಂಡು ಬಂದು ಎರಡು ಪುಟ ಬರೆದೆ. ಅದರಲ್ಲಿ ಒಂದು ಸಾಲು: ‘ವಾಲಿಯ ಹೆದರಿಕೆ ಇದ್ದುದರಿಂದ ರಾಮ ಮರೆಯಲ್ಲಿ ನಿಂತ.’ ನಮ್ಮ ಹಿರಿಯ ಸಂಪಾದಕರು ಅದಕ್ಕೆ ಕೆಂಪು ಸುತ್ತು ಹಾಕಿ ಕರೆದರು.

‘ಪದ್ಯ ಎಲ್ಲುಂಟು?’

‘ಅರ್ಥಧಾರಿ ಹೇಳಿದ್ರು ಸಾರ್.’

‘ಯಾವ ಪಾತ್ರದವರು?’

‘ವಾಲಿ.’

‘ಬಾಣ ತಿಂದು ಬಿದ್ದವ ಮತ್ತೆಂತ ಹೇಳ್ತಾನೆ ಮಾರಾಯ? ವಾಲಿ ಹಾಗೆ ಹೇಳಿದ ಅಂತ ಬರಿ.’

ನಾಲ್ಕು ಸಲ ಬರೆಸಿದರು. ಹೊರಗೆ ಮಳೆ, ನನ್ನ ಕೊಡೆಯಿಂದ ನೀರು ಬಾಗಿಲಿಡೀ ಹರಿದಿತ್ತು, ಅದಕ್ಕೂ ಬೈಸಿಕೊಂಡೆ. ಆಮೇಲೆ ತಾಳಮದ್ದಳೆಗೆ ಹೋದಾಗಲೆಲ್ಲ ಒಂದು ಗಮನಿಸಿದೆ. ಭಾಗವತರು ಹಾಡುವ ಪದ್ಯ ನಾಲ್ಕು ಸಾಲು. ಅದರ ಮೇಲೆ ಒಳ್ಳೆಯ ಅರ್ಥಧಾರಿ ಅರ್ಧ ಗಂಟೆ ಮಾತಾಡುತ್ತಾರೆ. ಪದ್ಯದಲ್ಲಿಲ್ಲದ ನೂರು ಕಾರಣ ಕೊಡುತ್ತಾರೆ. ಆದರೆ ಅಷ್ಟೂ ಮಾತು ಆ ಪಾತ್ರದ ಬಾಯಿಂದ ಬರುತ್ತದೆ, ಎದುರು ಕೂತವರು ಅದನ್ನು ಅಲ್ಲೇ ಕೆಡವಬಹುದು. ನಿಮ್ಮ ಲೇಖನದಲ್ಲಿ ಎದುರು ಕೂತವರೇ ಇಲ್ಲ.

ಇನ್ನು ಒಂಬತ್ತನೇ ಪುಟ, ಲಿಯಾನಾ ಇದ್ದ ಗೋಪುರದ ಬಗ್ಗೆ. ಮಗು ಅಂದರೆ ನಿಮ್ಮ ಪ್ರಕಾರ ರೇಗಾರ್–ಲಿಯಾನಾರದ್ದು. ‘ಹುಟ್ಟಿದ ಮಗುವೇ ನಿಜವಾದ ರಾಜ ಎಂದು ತಿಳಿದಿದ್ದರಿಂದಲೇ ಮೂವರು ಕಾವಲು ವೀರರು ಗೋಪುರ ಬಿಟ್ಟು ಹೋಗಲಿಲ್ಲ ಎಂಬುದರಲ್ಲಿ ಸಂಶಯವಿಲ್ಲ.’ ಇಲ್ಲಿ ‘ದ್ದರಿಂದ’ಕ್ಕೆ ಒಂದು ‘ಲೇ’ ಬೇರೆ!

ಆ ಗೋಪುರದ ಮಾತುಕತೆ ನಮಗೆ ಸಿಗುವುದು ನೆಡ್‌ನ ಕನಸಲ್ಲಿ. ಅದೂ ಕಾಲು ಮುರಿದು ದಿನಗಟ್ಟಲೆ ಪ್ರಜ್ಞೆ ಇಲ್ಲದೆ ಮಲಗಿದ್ದಾಗ. ಉಳಿದ ರಾಜಮನೆತನ ಡ್ರ್ಯಾಗನ್‌ಸ್ಟೋನ್‌ನಲ್ಲಿರುವಾಗ ಇವರು ಇಲ್ಲಿ ಯಾಕೆ? ಒಳ್ಳೆಯ ಪ್ರಶ್ನೆ, ನನ್ನ ನಿದ್ದೆಯನ್ನೂ ಕೆಡಿಸಿದೆ. ರೇಗಾರ್‌ನ ಆಜ್ಞೆ ಇರಬಹುದು. ನೀವು ಹೇಳಿದ್ದೂ ಇರಬಹುದು. ನಿಜ ಹೇಳಬೇಕೆಂದರೆ ನನ್ನ ಓಟೂ ನಿಮ್ಮ ಕಡೆಗೇ. ಆದರೆ ಸಂಶಯ ಇಲ್ಲ ಅನ್ನಲು ನೀವು ಯಾರು? ಗೋಪುರದೆದುರು ಆ ಮೂವರ ಜೊತೆ ನಡೆದ ಜಗಳದಲ್ಲಿ ನೆಡ್ ಜೊತೆ ಬದುಕಿ ಬಂದವ ಹೌಲೆಂಡ್ ರೀಡ್ ಒಬ್ಬನೇ. ಐದು ಪುಸ್ತಕದಲ್ಲಿ ಅವನು ಒಮ್ಮೆಯೂ ನಮ್ಮೆದುರು ಬಂದಿಲ್ಲ.

ನಿಮ್ಮ ಸಾಕ್ಷಿ ಟಿವಿ ಸರಣಿ ‘ಗೇಮ್ ಆಫ್ ಥ್ರೋನ್ಸ್’ನ 2017ರ ಕಂತು. ಅಲ್ಲಿ ರೇಗಾರ್–ಲಿಯಾನಾ ಮದುವೆ ತೋರಿಸಿದರು, ಸರಿ. ಐದನೇ ಪುಸ್ತಕ ಬಂದದ್ದು 2011ರಲ್ಲಿ, ಅದರಲ್ಲೆಲ್ಲೂ ಆ ಮದುವೆ ಇಲ್ಲ. ಯಕ್ಷಗಾನದ ಆಟದಲ್ಲಿ ವೇಷ ನೋಡಿ ಬಂದು ಪ್ರಸಂಗದ ಪುಸ್ತಕದಲ್ಲೂ ಹೀಗೇ ಉಂಟು ಅಂದ ಹಾಗಾಯಿತು.

ನಿಮಗೆ ಇದು ಬರುವುದಿಲ್ಲ ಅಂತಲ್ಲ. ಆರನೇ ಪುಟದಲ್ಲಿ ನೀವೇ ಸರಿಯಾಗಿ ಬರೆದಿದ್ದೀರಿ: ಎಲಿಯಾಗೆ ಇನ್ನು ಮಕ್ಕಳಾಗುವುದಿಲ್ಲ ಅನ್ನುವುದನ್ನು ನೆನೆಯುವುದು ರೇಗಾರ್‌ನ ಗೆಳೆಯ ಜಾನ್ ಕಾನಿಂಗ್ಟನ್, ಅವನ ಕಣ್ಣಲ್ಲಿ ಅವಳು ರೇಗಾರ್‌ಗೆ ಯೋಗ್ಯಳೇ ಅಲ್ಲ, ಹಾಗಾಗಿ ಆ ಮಾತನ್ನು ಒಂದು ಚಿಟಿಕೆ ಅನುಮಾನದಿಂದಲೇ ಕೇಳಬೇಕು. ಅಲ್ಲಿ ನಾನು ಪೆನ್ನು ಕೆಳಗಿಟ್ಟೆ. ಮೂರರಲ್ಲೂ ಒಂಬತ್ತರಲ್ಲೂ ಅದೇ ಕೈ ಎಲ್ಲಿ ಹೋಯಿತು?

ಆ ಎರಡು ಪುಟಕ್ಕೆ ಕೆಂಪು ಸುತ್ತು ಹಾಕಿ ವಾಪಸ್ ಕಳಿಸುತ್ತಿದ್ದೇನೆ. ಉಳಿದದ್ದನ್ನು ಮುಟ್ಟಿಲ್ಲ, ನೀವೂ ಮುಟ್ಟಬೇಡಿ. ಹದಿನೈದು ದಿನ ಸಾಕಲ್ವಾ?