ಶಾಸನಗಳ ಡೇಟಾಬೇಸನ್ನು ಹಲವರು ಸೇರಿ ನೋಡಿ ತಿದ್ದುವಂತೆ ಕಟ್ಟುವುದು ಹೇಗೆ?

ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಯ ಶಾಸನ, ವೀರಗಲ್ಲುಗಳನ್ನು ಹತ್ತಾರು ಜನ ಸೇರಿ ದಾಖಲಿಸುತ್ತಿದ್ದೀರಿ, ಗೂಗಲ್ ಶೀಟ್ ಕಲಸುಮೇಲೋಗರ ಆಗಿದೆ, ವೆಬ್‌ನಲ್ಲಿ ಎಲ್ಲರೂ ಸುಲಭವಾಗಿ ನೋಡಿ ತಿದ್ದುವಂತೆ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಯಾವ ಸಾಫ್ಟ್‌ವೇರ್ ಅನ್ನೋದು ಆಮೇಲೆ. ಮೊದಲು ಆ ಒಂದೇ ದೊಡ್ಡ ಶೀಟನ್ನು ಊರು, ಕಲ್ಲು, ಪಠ್ಯ ಅಂತ ಮೂರು ಕೋಷ್ಟಕ ಮಾಡಿ. ಒಂದೇ ಕಲ್ಲಿನ ಮೇಲೆ ಬೇರೆ ಬೇರೆ ಕಾಲದ ಎರಡು ಶಾಸನ ಇರಬಹುದು. ಒಂದೇ ಸಾಲಿಗೆ ತುರುಕಿದರೆ ಕಾಲ, ಅರಸ, ಲಿಪಿ ಎಲ್ಲ ಬೆರೆತುಹೋಗುತ್ತವೆ.

ನಿಮ್ಮ ಕಡೆ ಅತಿ ಹೆಚ್ಚು ಕಾಡೋದು ಊರಿನ ಕೋಷ್ಟಕ. ಕೊಪ್ಪಳದ ಗವಿಮಠ, ಪಾಲ್ಕಿಗುಂಡಿನ ಅಶೋಕ ಶಾಸನಗಳು ಹಳೆ ಪುಸ್ತಕಗಳಲ್ಲಿ ರಾಯಚೂರು ಜಿಲ್ಲೆಗೆ ಸೇರಿವೆ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಹಂಪಿ 2021ರಿಂದ ವಿಜಯನಗರ ಜಿಲ್ಲೆ. ಮಸ್ಕಿ ಲಿಂಗಸುಗೂರು ತಾಲ್ಲೂಕಿನಲ್ಲಿತ್ತು, ಈಗ ತಾನೇ ತಾಲ್ಲೂಕು. ಹಾಗಾಗಿ 'ಈಗಿನ ತಾಲ್ಲೂಕು' ಬೇರೆ, 'ಪುಸ್ತಕದಲ್ಲಿರುವ ತಾಲ್ಲೂಕು' ಬೇರೆ ಕಾಲಂ ಇಡಿ. ದಾಖಲೆಯ ಸಂಖ್ಯೆಯಲ್ಲಿ ತಾಲ್ಲೂಕಿನ ಅಕ್ಷರ ಸೇರಿಸಲೇಬೇಡಿ, 1, 2, 3 ಸಾಕು. ಊರಿನ ಹೆಸರನ್ನು ಯಾರೂ ಟೈಪ್ ಮಾಡಬಾರದು, ಪಟ್ಟಿಯಿಂದಲೇ ಆರಿಸಬೇಕು.

ಟೈಪ್ ಮಾಡಿದರೆ ಏನಾಗುತ್ತೆ ನೋಡಿ. 'ಕೊಪ್ಪಳ'ದ 'ಕೊ'ದಲ್ಲಿ ಒತ್ವ ಒಂದೇ ಚಿಹ್ನೆಯಾಗಿ ಬರಬಹುದು, ಎತ್ವ ಮತ್ತು ದೀರ್ಘ ಉಕಾರ ಸೇರಿ ಎರಡು ಚಿಹ್ನೆಯಾಗಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ. ಉಳಿಸುವ ಮುನ್ನ ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ರೂಪಕ್ಕೆ ತನ್ನಿ, ಅಂದರೆ ಇಂಥ ಅಕ್ಷರಗಳನ್ನು ಒಂದೇ ಬಗೆಯಲ್ಲಿ ಬರೆಯುವ ಯೂನಿಕೋಡ್ ರೂಪ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್‌ನಲ್ಲಿ 13ನೇ ಆವೃತ್ತಿಯಿಂದ ಅದಕ್ಕೆ ನಾರ್ಮಲೈಜ್ ಫಂಕ್ಷನ್ ಇದೆ. ಹಳೆ ನುಡಿ ಫಾಂಟಿನ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸದೆ ಒಳಗೆ ಬಿಡಬೇಡಿ.

ಕಾಲಕ್ಕೆ ಮೂರು ಕಾಲಂ: ಕಲ್ಲಿನಲ್ಲಿರುವ ಹಾಗೇ ಒಂದು, ಕ್ರಿ.ಶ. 'ಇಂದ', 'ವರೆಗೆ' ಅಂಕಿಗಳಲ್ಲಿ ಎರಡು. ಶಕ 998 ಅಂದರೆ ಸುಮಾರು 1076. ಬರೀ '11ನೇ ಶತಮಾನ' ಅಂತಿದ್ದರೆ 1001, 1100. ಹೀಗಿದ್ದರೆ ಮಾತ್ರ ಕಾಲಾನುಕ್ರಮದಲ್ಲಿ ಜೋಡಿಸಲು ಬರುತ್ತೆ. ಅಕ್ಷಾಂಶ 14ರಿಂದ 17, ರೇಖಾಂಶ 75ರಿಂದ 78ರ ಆಚೆ ಹೋದರೆ ಫಾರ್ಮ್ ಒಪ್ಪಬಾರದು. ಎರಡನ್ನೂ ಅದಲುಬದಲು ಮಾಡಿ ತುಂಬುವವರು ಇದ್ದೇ ಇರ್ತಾರೆ, ಆಗ ನಿಮ್ಮ ವೀರಗಲ್ಲು ಆರ್ಕ್‌ಟಿಕ್ ಸಮುದ್ರದಲ್ಲಿ ಕಾಣುತ್ತೆ.

ತಿದ್ದೋದು ಸುಲಭ ಆಗಬೇಕಾದರೆ ಜನಕ್ಕೆ ಕೆಡಿಸಿಬಿಟ್ಟೇನು ಅನ್ನೋ ಭಯ ಹೋಗಬೇಕು. ಪ್ರತಿ ತಿದ್ದುಪಡಿಗೂ ಯಾರು, ಯಾವಾಗ, ಯಾವ ಕಾಲಂ, ಹಳೆಯದೇನು, ಹೊಸದೇನು ಅಂತ ಇತಿಹಾಸ ಕೋಷ್ಟಕದಲ್ಲಿ ಒಂದು ಸಾಲು ಬೀಳಲಿ. ಪಕ್ಕದಲ್ಲೇ 'ಹಿಂದಿನಂತೆ ಮಾಡು' ಗುಂಡಿ ಇರಲಿ. ಅಳಿಸಿದ ದಾಖಲೆ ಕಣ್ಮರೆಯಾಗಲಿ, ನಾಶವಾಗೋದು ಬೇಡ. ಇಬ್ಬರು ಒಂದೇ ದಾಖಲೆ ತೆರೆದಿದ್ದರೆ ಕೊನೆಗೆ ಉಳಿಸಿದವರದ್ದು ಮೊದಲಿನವರದ್ದನ್ನು ಸದ್ದಿಲ್ಲದೆ ನುಂಗುತ್ತೆ. ಅದಕ್ಕೆ ಪ್ರತಿ ಸಾಲಿಗೂ ಆವೃತ್ತಿ ಸಂಖ್ಯೆ ಇಡಿ. ತೆರೆದಾಗ 7 ಇದ್ದು ಉಳಿಸುವಾಗ 8 ಆಗಿದ್ದರೆ ಎರಡೂ ಪಾಠವನ್ನು ಅಕ್ಕಪಕ್ಕ ತೋರಿಸಿ, ಆರಿಸಲು ಬಿಡಿ.

ನೋಡಲು ಲಾಗಿನ್ ಕೇಳಬೇಡಿ, ತಿದ್ದಲು ಮಾತ್ರ ಕೇಳಿ. ಊರು, ಫೋಟೊ, ಸ್ಥಳ, ಸ್ಥಿತಿ ಈ ನಾಲ್ಕಷ್ಟೇ ಕಡ್ಡಾಯ ಮಾಡಿ. ಹೊಲದಲ್ಲಿ ನಿಂತು ಮೊಬೈಲಿನಲ್ಲಿ ತುಂಬುವವರಿಂದ ಅದಕ್ಕಿಂತ ಹೆಚ್ಚು ಆಗಲ್ಲ.

ಕೋಡ್ ಬರೆಯುವವರು ಇಲ್ಲದಿದ್ದರೆ ಕೋಡ್ ಇಲ್ಲದೆ ಡೇಟಾಬೇಸ್ ಕಟ್ಟುವ ಬೇಸ್‌ರೋ ಅಥವಾ ನೋಕೋಡಿಬಿ ಸಾಫ್ಟ್‌ವೇರ್ ನೋಡಿ, ಎರಡನ್ನೂ ನಿಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ಫೋಟೊಗಳನ್ನು ಬೇರೆ ಫೋಲ್ಡರಿನಲ್ಲಿಟ್ಟು ಡೇಟಾಬೇಸಿನಲ್ಲಿ ಫೋಟೊ ಎಲ್ಲಿದೆ ಅನ್ನೋ ವಿಳಾಸ ಮಾತ್ರ ಬರೆಯಿರಿ. ದಿನಾ ರಾತ್ರಿ ಬ್ಯಾಕಪ್ ತೆಗೆಯಿರಿ, ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ.